ರಕ್ತವೋ, ಸಹವಾಸವೋ? — ‘ವಂಶವೃಕ್ಷ’ವನ್ನು ಮತ್ತೆ ಓದಿದಾಗ

ಶಾಲೆಗಳು ಆರಂಭವಾದ ಎರಡನೆಯ ವಾರದಲ್ಲಿ ನಮ್ಮ ಮಗಳು ಒಂದು ಹಾಳೆಯನ್ನು ತಂದು ನಮ್ಮ ಮುಂದೆ ಹಿಡಿದಳು. ಹಾಳೆಯ ಮೇಲೆ ಮರವೊಂದರ ಚಿತ್ರ. ಕೊಂಬೆಗಳ ತುದಿಗೆ ಖಾಲಿ ಚೌಕಗಳು. ತಂದೆ, ತಾಯಿ, ಅಜ್ಜ, ಅಜ್ಜಿ ಇವರ ಹೆಸರುಗಳನ್ನು ತುಂಬಿ, ಸಿಕ್ಕಿದರೆ ಭಾವಚಿತ್ರ ಅಂಟಿಸಿ, ಅವರಲ್ಲಿ ಪ್ರತಿಯೊಬ್ಬರಿಂದ ನಿನಗೆ ಬಂದಿರುವ ಒಂದೊಂದು ಗುಣವನ್ನು ಬರೆದು ತಾ ಎಂದು ಅಪ್ಪಣೆ. ಮಿಕ್ಕ ಮಕ್ಕಳಿಗೆ ಇದು ಒಂದು ಸಂಜೆಯ ಕೆಲಸ. ನಮ್ಮ ಮನೆಯಲ್ಲಿ ನಾಲ್ಕು ದಿನ ಹಿಡಿಯಿತು.

ಸಂಘಕ್ಕೆ ಬಂದು ಹೋಗುವ ಬಹುಮಂದಿಗೆ ಗೊತ್ತಿರುವಂತೆ ಈ ಹುಡುಗಿ ನಮ್ಮ ಮನೆಗೆ ಬಂದಾಗ ಎಂಟು ತಿಂಗಳ ಕೂಸು. ಈಗ ಹತ್ತು ವರ್ಷ. ಅವಳನ್ನು ನಾವು ಹೇಗೆ ಪಡೆದೆವೆಂಬುದು ಅವಳಿಗೂ ಗೊತ್ತು. ಅವಳನ್ನು ಕೇಳಿಯೇ ಈ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ. ‘ಬರೀರಿ, ಆದರೆ ನನ್ನ ಗಣಿತದ ಮಾರ್ಕು ಬರೀಬೇಡಿ’ ಎಂಬುದು ಅವಳು ಹಾಕಿದ ಒಂದೇ ಷರತ್ತು. ಆ ಷರತ್ತನ್ನು ಪಾಲಿಸಿದ್ದೇವೆ.

ಹಾಳೆಯ ಚೌಕಗಳನ್ನು ನೋಡುತ್ತ ಕುಳಿತಿದ್ದಾಗ ಕಪಾಟಿನಲ್ಲಿದ್ದ ಭೈರಪ್ಪನವರ ‘ವಂಶವೃಕ್ಷ’ದ ನೆನಪಾಯಿತು. ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ, ಮೆಂಡೆಲನ ಬಟಾಣಿಗಿಡಗಳ ಪಾಠಕ್ಕೆ ಚಕ್ಕರ್ ಹೊಡೆದು ಒಂದೇ ಉಸಿರಿಗೆ ಓದಿದ್ದ ಕಾದಂಬರಿ ಅದು. ಈಗ ಎರಡು ದಶಕ ಕಳೆದಮೇಲೆ, ಕಚೇರಿಗೆ ಹೋಗಿಬರುವ ಲೋಕಲ್ ಗಾಡಿಯಲ್ಲಿ ಮತ್ತೆ ಓದಿದೆವು. ಆಗ ಓದಿದ್ದ ಪುಸ್ತಕವೇ ಇದು ಎಂದು ನಂಬುವುದು ಕಷ್ಟವಾಯಿತು.

ಪುಸ್ತಕಕ್ಕೆ ಹೋಗುವ ಮುನ್ನ ನಮ್ಮವರ ಒಂದು ಅಭ್ಯಾಸವನ್ನು ಹೇಳಬೇಕು. ಮಾಟುಂಗದ ಹೂವಿನ ಅಂಗಡಿಗಳ ಮುಂದೆಯೋ ಸಂಘದ ಸಭಾಂಗಣದ ಮೆಟ್ಟಿಲ ಮೇಲೋ ನಾವು ಕೇಳುವ ಮಾತು ಇದು. ಮಗ ಸಂಗೀತದಲ್ಲಿ ಬಹುಮಾನ ತಂದರೆ, ‘ನಮ್ಮ ತಾತನವರು ಅರಮನೆಯಲ್ಲಿ ಹಾಡಿದವರು, ರಕ್ತದಲ್ಲಿ ಬಂದಿದೆ’ ಎನ್ನುತ್ತೇವೆ. ಅದೇ ಮಗ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಕೇಳಿದ್ದಕ್ಕೆ ಹಿಂದಿಯಲ್ಲಿ ಒರಟಾಗಿ ಉತ್ತರ ಕೊಟ್ಟರೆ, ‘ಏನು ಮಾಡೋದು, ಮುಂಬಯಿಯ ಹವಾ, ಸಹವಾಸ ಸರಿಯಿಲ್ಲ’ ಎನ್ನುತ್ತೇವೆ. ಜಮೆಯೆಲ್ಲ ವಂಶದ ಖಾತೆಗೆ, ಖರ್ಚೆಲ್ಲ ಪರಿಸರದ ಖಾತೆಗೆ. ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಬಾಳಿದ ನಮಗೆ, ಇಂಥ ಲೆಕ್ಕ ಯಾವ ಆಡಿಟ್ಟಿನಲ್ಲಿಯೂ ನಿಲ್ಲದೆಂದು ಗೊತ್ತು.

ಇನ್ನು ಸಾಕಿದ ಮಗುವಿನ ವಿಷಯ ಬಂದಾಗ ಖಾತೆಗಳು ತಲೆಕೆಳಗಾಗುತ್ತವೆ. ನಮ್ಮ ಮಗಳು ಕನ್ನಡ ಪದ್ಯವನ್ನು ಸ್ಪಷ್ಟವಾಗಿ ಹೇಳಿದಾಗ ನೆಂಟರು ನಮ್ಮ ಬೆನ್ನು ತಟ್ಟಿ, ‘ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ’ ಎಂದರು. ಒಮ್ಮೆ ಅವಳು ಪಕ್ಕದ ಮನೆಯ ಹುಡುಗನ ಬಣ್ಣದ ಪೆನ್ಸಿಲನ್ನು ಹೇಳದೆ ಎತ್ತಿಕೊಂಡು ಬಂದಾಗ, ಅದೇ ನೆಂಟರಲ್ಲಿ ಹಿರಿಯರೊಬ್ಬರು ದನಿ ತಗ್ಗಿಸಿ, ‘ಯಾರ ರಕ್ತವೋ ಏನೋ’ ಎಂದರು. ಆ ವಯಸ್ಸಿನಲ್ಲಿ ನಾವೇ ನಮ್ಮ ಸೋದರಮಾವನ ಜೇಬಿನಿಂದ ಎಂಟಾಣೆ ಕದ್ದಿದ್ದು, ಅದಕ್ಕೆ ಯಾರೂ ನಮ್ಮ ರಕ್ತಪರೀಕ್ಷೆ ಮಾಡದೆ ಬರಿಯ ಬೆತ್ತದಿಂದ ಮುಗಿಸಿದ್ದು ನೆನಪಾಯಿತು. ಹಿರಿಯರಿಗೆ ಎದುರಾಡಲಿಲ್ಲ. ಎದುರಾಡಬೇಕಾಗಿತ್ತು. ಈ ಲೇಖನವನ್ನು ಅದರ ಬದಲಿಗೆಂದು ಭಾವಿಸಬಹುದು.

‘ವಂಶವೃಕ್ಷ’ ಪ್ರಕಟವಾದದ್ದು 1965ರಲ್ಲಿ. ಬಿ.ವಿ. ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ ಅದನ್ನು ಚಲನಚಿತ್ರವಾಗಿಸಿದರು. 1971ರ ಸಾಲಿನ ಉತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಜೊತೆಯಾಗಿ ಬಂತು. 1980ರಲ್ಲಿ ಬಾಪು ಅವರು ತೆಲುಗಿನಲ್ಲಿ ತೆಗೆದಾಗ ನಮ್ಮ ಮುಂಬಯಿಯ ಅನಿಲ್ ಕಪೂರ್ ಅದರಲ್ಲಿ ನಾಯಕ. ಇದನ್ನು ಹೇಳಿದರೆ ಇಲ್ಲಿನ ಮಕ್ಕಳು ಈ ಪುಸ್ತಕದ ಕಡೆ ಒಮ್ಮೆ ತಿರುಗಿ ನೋಡುವುದನ್ನು ಕಂಡಿದ್ದೇವೆ, ಅದಕ್ಕಾಗಿ ಹೇಳಿದೆವು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ಅವರ ಕೃತಿಗಳ ಬಗ್ಗೆ ಬಂದ ಮಾತುಗಳಲ್ಲಿ ‘ವಂಶವೃಕ್ಷ’ವನ್ನು ಒಂದು ಪಕ್ಷದವರು ಸನಾತನ ಕುಲಧರ್ಮದ ಎತ್ತಿಹಿಡಿಕೆಯೆಂದು ಹೊಗಳಿದರು, ಇನ್ನೊಂದು ಪಕ್ಷದವರು ಅದೇ ಕಾರಣಕ್ಕೆ ತೆಗಳಿದರು. ಇಬ್ಬರೂ ಕಾದಂಬರಿಯ ಕೊನೆಯ ಭಾಗವನ್ನು ಅವಸರದಲ್ಲಿ ಓದಿರಬೇಕೆಂದು ನಮ್ಮ ಗುಮಾನಿ.

ಕಥೆ ಸ್ಥೂಲವಾಗಿ ಹೀಗೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ವಿದ್ವಾಂಸರು, ಆಚಾರವಂತರು. ಒಬ್ಬನೇ ಮಗ ಕಪಿಲೆಯ ಪ್ರವಾಹದಲ್ಲಿ ಮುಳುಗಿಹೋಗುತ್ತಾನೆ. ಎಳೆಯ ಸೊಸೆ ಕಾತ್ಯಾಯನಿ ಮೈಸೂರಿನ ಕಾಲೇಜಿಗೆ ಸೇರುತ್ತಾಳೆ. ಅಲ್ಲಿ ಅಧ್ಯಾಪಕ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗುವನ್ನು ಕರೆದೊಯ್ಯಲು ಬಂದವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಮಗು ಆ ಮನೆತನದ್ದು ಎಂಬ ಭಾವನೆ ಶ್ರೋತ್ರಿಯರಲ್ಲಿ ಎಷ್ಟು ಬಲವಾಗಿದೆಯೆಂದರೆ, ಅವರು ತಡೆಯದಿದ್ದರೂ ಆಕೆಯ ಕೈ ಮುಂದೆ ಹೋಗುವುದಿಲ್ಲ. ಆಮೇಲೆ ಆಕೆಗೆ ಮತ್ತೆ ಮತ್ತೆ ಗರ್ಭಪಾತ, ಕೊರಗು, ಸಾವು. ಇತ್ತ ಸಂನ್ಯಾಸಕ್ಕೆ ಅಣಿಯಾಗುತ್ತಿರುವ ಶ್ರೋತ್ರಿಯರಿಗೆ ಮನೆಯ ಹಳೆಯ ಕಾಗದಪತ್ರಗಳಿಂದ ಒಂದು ಸತ್ಯ ತಿಳಿಯುತ್ತದೆ. ಆಸ್ತಿ ದಾಯಾದಿಯ ಪಾಲಾಗಬಾರದೆಂಬ ಹಟದಿಂದ ಅವರ ತಂದೆಯೆನಿಸಿಕೊಂಡಾತ ತನ್ನ ಹೆಂಡತಿಯಲ್ಲಿ ಬೇರೊಬ್ಬನಿಂದ ಪಡೆಸಿಕೊಂಡ ಮಗು ತಾವು. ಯಾವ ವಂಶಕ್ಕಾಗಿ ಒಬ್ಬ ತಾಯಿಯ ಮಡಿಲನ್ನು ಬರಿದು ಮಾಡಿದರೋ ಆ ವಂಶದ ಒಂದು ಹನಿಯೂ ಅವರ ಮೈಯಲ್ಲಿಲ್ಲ.

ಹತ್ತೊಂಬತ್ತರ ವಯಸ್ಸಿನಲ್ಲಿ ಈ ಸಂಗತಿಯನ್ನು ನಾವು ಒಂದು ಆಘಾತವೆಂದಷ್ಟೇ ಓದಿಕೊಂಡಿದ್ದೆವು. ಈಗ ಓದುವಾಗ ಬೇರೆಯ ಪ್ರಶ್ನೆ ಎದ್ದಿತು. ಆ ಕಾಗದ ಸಿಕ್ಕಿದ ಕ್ಷಣದಲ್ಲಿ ಶ್ರೋತ್ರಿಯರ ಸ್ವಭಾವದಲ್ಲಿ ಏನು ಬದಲಾಯಿತು? ಅವರ ವೇದಾಧ್ಯಯನ ಹಾಗೆಯೇ ಉಳಿಯಿತು. ಹೆಂಡತಿಯೇ ಮುಂದೆ ನಿಂತು ಮನೆಗೆಲಸದ ಲಕ್ಷ್ಮಿಯನ್ನು ಒಪ್ಪಿಸಲು ಹೊರಟಾಗ ಮನಸ್ಸನ್ನು ಬಿಗಿಹಿಡಿದ ಆ ಸಂಯಮ ಹುಸಿಯಾಗಲಿಲ್ಲ. ಅಷ್ಟೇ ಅಲ್ಲ, ತಮ್ಮದಲ್ಲದ ಆಸ್ತಿ ಎಂದು ತಿಳಿದೊಡನೆ ಅದನ್ನು ಬಿಟ್ಟು ಹೊರಡುವ ಪ್ರಾಮಾಣಿಕತೆ ಇದೆಯಲ್ಲ, ಅದು ಆಸ್ತಿಗಾಗಿ ಇಷ್ಟೆಲ್ಲ ಮಾಡಿದ ಆ ಹಿರಿಯ ಶ್ರೋತ್ರಿಯಲ್ಲಿ ಲವಲೇಶವೂ ಇರಲಿಲ್ಲ. ಅಂದರೆ ಆ ಮನೆತನದ ಅತ್ಯುತ್ತಮ ಫಲ ಆ ಮರದ್ದಲ್ಲ. ಕುಲವನ್ನು ಎತ್ತಿಹಿಡಿಯುವ ಕಾದಂಬರಿ ಇದಾಗಿದ್ದರೆ ಲೇಖಕರು ತಮ್ಮ ಪಕ್ಷದ ಕಾಲನ್ನು ತಾವೇ ಕಡಿದುಕೊಂಡಂತೆ. ಶ್ರೋತ್ರಿಯರನ್ನು ಶ್ರೋತ್ರಿಯರನ್ನಾಗಿಸಿದ್ದು ಮನೆಯ ಪಾಠ, ನಿತ್ಯದ ಅಗ್ನಿಕಾರ್ಯ, ತಾನು ಇಂಥವನು ಎಂಬ ನಂಬಿಕೆ. ಆ ನಂಬಿಕೆ ತಪ್ಪಾಗಿತ್ತು. ಅದು ಮಾಡಿದ ಕೆಲಸ ಮಾತ್ರ ನಿಜ.

ಇಷ್ಟು ಮೆಚ್ಚಿದ ಮೇಲೆ ಒಂದು ಆಕ್ಷೇಪವನ್ನು ಹೇಳದೆ ವಿಧಿಯಿಲ್ಲ. ಕಾತ್ಯಾಯನಿಗೆ ಆಗುವ ಗರ್ಭಪಾತಗಳು. ಗರ್ಭ ನಿಲ್ಲದಿರುವುದಕ್ಕೆ ವೈದ್ಯಶಾಸ್ತ್ರದಲ್ಲಿ ಹತ್ತಾರು ಕಾರಣಗಳಿವೆ; ವರ್ಣತಂತುಗಳ ಎಣಿಕೆ ಏರುಪೇರಾಗುವುದು ಅವುಗಳಲ್ಲಿ ಮುಖ್ಯವಾದುದು. ಕಾದಂಬರಿಯಲ್ಲಿ ಕಾಣುವ ಕಾರಣ ಮಾತ್ರ ಒಂದೇ: ಆಕೆ ಒಂದು ಕ್ಷೇತ್ರವನ್ನು ಬಿಟ್ಟು ಇನ್ನೊಂದಕ್ಕೆ ಹೋದಳು. ಇದು ಆನುವಂಶಿಕತೆಯೂ ಅಲ್ಲ, ಪರಿಸರವೂ ಅಲ್ಲ, ಲೇಖಕರ ಕೈ. ತಮ್ಮ ಕಥೆಯ ಗಂಡಸಿಗೆ ಸತ್ಯವನ್ನು ಎದುರಿಸುವ ಅವಕಾಶ ಕೊಟ್ಟ ಭೈರಪ್ಪನವರು ಹೆಂಗಸಿಗೆ ಶಿಕ್ಷೆಯನ್ನು ಮಾತ್ರ ಕೊಟ್ಟರು. ನಮ್ಮ ಮನೆಯವರು ಈ ಭಾಗವನ್ನು ಓದಿ ಪುಸ್ತಕವನ್ನು ಮಡಿಸಿಟ್ಟವರು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಮಕ್ಕಳಾಗದ ವರ್ಷಗಳಲ್ಲಿ ಯಾವ ಯಾವ ಪಾಪದ ಪಟ್ಟಿಯನ್ನು ಆಕೆ ಕೇಳಿಸಿಕೊಂಡಿದ್ದರೆಂಬುದು ನಮಗೆ ಗೊತ್ತಿರುವುದರಿಂದ ಒತ್ತಾಯಿಸಲಿಲ್ಲ.

‘ವಂಶವೃಕ್ಷ’ವನ್ನು ಒಂಟಿಯಾಗಿ ಓದುವುದೇ ತಪ್ಪು ಎಂದು ನಮಗೀಗ ತೋರುತ್ತದೆ. ಅದರ ಪಕ್ಕದಲ್ಲಿ 1970ರ ‘ಗೃಹಭಂಗ’ವನ್ನು ಇಟ್ಟುಕೊಳ್ಳಬೇಕು. ಅಲ್ಲಿ ಗಂಗಮ್ಮನ ಬಾಯಿಂದ ಬರುವ ಬೈಗುಳಗಳೇ ಮಕ್ಕಳಾದ ಚೆನ್ನಿಗರಾಯ, ಅಪ್ಪಣ್ಣಯ್ಯರ ಬಾಯಿಂದಲೂ ಬರುತ್ತವೆ. ರಕ್ತವೆನ್ನೋಣವೇ? ಬೈಗುಳಕ್ಕೆ ವಂಶವಾಹಿ ಇಲ್ಲ. ತೊಟ್ಟಿಲಲ್ಲಿ ಮಲಗಿ ಕೇಳಿದ್ದು ನಾಲಗೆಗೆ ಬಂದಿದೆ. ಆದರೆ ಸೋಮಾರಿತನ? ಹೊಟ್ಟೆಬಾಕತನ? ಚೆನ್ನಿಗರಾಯನ ಶಾನುಭೋಗಿಕೆ ವಂಶಪಾರಂಪರ್ಯವಾಗಿ ಬಂದದ್ದು. ಲೆಕ್ಕ ಬರೆಯುವ ಶಕ್ತಿ ಜೊತೆಗೆ ಬರಲಿಲ್ಲ. ಅದನ್ನು ಕಲಿತು ಬರೆದವಳು ಹೊರಗಿನಿಂದ ಬಂದ ಹೆಂಡತಿ ನಂಜಮ್ಮ. ಗುಮಾಸ್ತೆಗಳಾದ ನಮಗೆ ಕನ್ನಡ ಸಾಹಿತ್ಯದಲ್ಲಿ ಇವಳಿಗಿಂತ ದೊಡ್ಡ ನಾಯಕಿ ಇಲ್ಲ. ಅದೇ ತಂದೆ, ಅದೇ ಅಜ್ಜಿ, ಅದೇ ಹಸಿವು. ಆದರೂ ನಂಜಮ್ಮನ ಮಕ್ಕಳು ಬೇರೆಯಾಗಿ ಬೆಳೆಯುತ್ತಾರೆ. ಪ್ಲೇಗು ಇಬ್ಬರನ್ನು ನುಂಗಿ ಕೊನೆಗೆ ತಾಯಿಯನ್ನೂ ನುಂಗಿದಮೇಲೆ ಉಳಿದ ವಿಶ್ವನನ್ನು ಕರೆದುಕೊಂಡು ಹೊರಡುವವರು ಯಾರು? ರಕ್ತಸಂಬಂಧಿಯಲ್ಲ, ಜಾತಿಯವರೂ ಅಲ್ಲ, ಗುಡಿಯಲ್ಲಿದ್ದ ಮಹಾದೇವಯ್ಯನವರು. ಲೇಖಕರು ತಮ್ಮ ಬಾಲ್ಯದ ನೋವನ್ನೇ ಈ ಕಾದಂಬರಿಗೆ ಬಳಸಿಕೊಂಡರೆಂಬುದು ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ತಿಳಿದದ್ದೇ. ಹುಡುಗನಾಗಿದ್ದಾಗ ಈ ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಕೂಲಿಯಾಗಿಯೂ ದುಡಿದ ಮನುಷ್ಯ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದದ್ದನ್ನು ಯಾವ ಖಾತೆಗೆ ಬರೆಯುತ್ತೀರಿ?

ಇಲ್ಲಿ ನಮ್ಮ ಬಿ.ಎಸ್‌ಸಿ.ಯನ್ನು ಸ್ವಲ್ಪ ಹೊರಕ್ಕೆ ತೆಗೆಯಬೇಕಾಗಿದೆ. ಸಾಹಿತ್ಯದ ಓದುಗರು ಎರಡು ಪುಟ ಸಹಿಸಿಕೊಳ್ಳಬೇಕು.

ವಂಶವೃಕ್ಷವೆಂದು ನಾವು ಬರೆಯುವ ಚಿತ್ರದಲ್ಲಿ ಮೊದಲ ತಪ್ಪು ಎಣಿಕೆಯದು. ಮಗುವಿನಲ್ಲಿ ಅರ್ಧ ತಂದೆಯದು, ಅರ್ಧ ತಾಯಿಯದು. ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು. ಹೀಗೆ ಹತ್ತು ತಲೆ ಹಿಂದಕ್ಕೆ ಹೋದರೆ 1024 ಸ್ಥಾನಗಳಾಗುತ್ತವೆ. ನಾವು ಹೆಸರು ಹೇಳಿ ಹೆಮ್ಮೆಪಡುವ ಆ ಒಬ್ಬ ಮೂಲಪುರುಷ ಅವರಲ್ಲಿ ಒಬ್ಬ. ಸರಾಸರಿ ಲೆಕ್ಕದಲ್ಲಿ ಅವನ ಪಾಲು ಸಾವಿರದಲ್ಲೊಂದು. ಉಳಿದ 1023 ಮಂದಿಯ ಹೆಸರು ನಮಗೆ ಗೊತ್ತಿಲ್ಲ. ಗಂಡಿನಿಂದ ಗಂಡಿಗೆ ನೇರವಾಗಿ ಇಳಿದು ಬರುವುದು ‘ವೈ’ ವರ್ಣತಂತು ಒಂದೇ. ಗೋತ್ರವೆಂದರೆ ಅದೇ ಎಂದು ಈಚೆಗೆ ಕೆಲವರು ವಿಜ್ಞಾನದ ಮುದ್ರೆ ಒತ್ತುತ್ತಿದ್ದಾರೆ. ಆ ತಂತುವಿನಲ್ಲಿರುವ ವಂಶವಾಹಿಗಳು ತೀರ ಕಡಮೆ. ಸಂಗೀತವನ್ನಾಗಲಿ ಸಂಸ್ಕೃತವನ್ನಾಗಲಿ ಹೊತ್ತು ತರುವ ಜಾಗ ಅದಲ್ಲ. ಗೋತ್ರವನ್ನು ಅಷ್ಟು ಕಟ್ಟುನಿಟ್ಟಾಗಿ ನೋಡಿದ ನಮ್ಮವರೇ ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟು ತಂದರು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಗೆ ಬಂದವರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಒಂದು ಭಾಗದ ಮದುವೆಗಳು ಹತ್ತಿರದ ಸಂಬಂಧದಲ್ಲೇ ಆದವು. ನಿಜವಾಗಿಯೂ ರಕ್ತದ ಚಿಂತೆ ಇರಬೇಕಾದದ್ದು ಅಲ್ಲಿ. ಅಡಗಿರುವ ಒಂದೇ ದೋಷ ಎರಡು ಕಡೆಯಿಂದಲೂ ಬಂದು ಕೂಡುವ ಸಂಭವ ಅಲ್ಲಿ ಹೆಚ್ಚು.

ಹಾಗಾದರೆ ಸ್ವಭಾವಕ್ಕೂ ಬುದ್ಧಿಗೂ ವಂಶವಾಹಿಗಳ ಸಂಬಂಧವೇ ಇಲ್ಲವೇ? ಇದೆ. ಇಲ್ಲವೆನ್ನುವುದು ಪ್ರಾಮಾಣಿಕತೆಯಾಗದು. ಹುಟ್ಟಿದೊಡನೆ ಅಗಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಥಾಮಸ್ ಬೊಷಾರ್ಡ್ ಮತ್ತು ಸಂಗಡಿಗರು 1979ರಿಂದ ಪರೀಕ್ಷಿಸುತ್ತ ಬಂದರು. 1990ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಬುದ್ಧ್ಯಂಕದ ವ್ಯತ್ಯಾಸಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಆನುವಂಶಿಕವಾದದ್ದು. ಈ ಎಪ್ಪತ್ತು ಎಂಬ ಅಂಕಿ ಬಹಳ ಜನರ ತಲೆ ಕೆಡಿಸಿದೆ. ಒಂದು ಮಗುವಿನ ಬುದ್ಧಿಯಲ್ಲಿ ಎಪ್ಪತ್ತು ಭಾಗ ತಂದೆತಾಯಿಯದು, ಮೂವತ್ತು ಭಾಗ ಸಾಕಿದವರದು ಎಂಬುದು ಇದರ ಅರ್ಥವಲ್ಲ. ಪರೀಕ್ಷೆಗೆ ಒಳಗಾದ ಆ ಜನಗಳ ನಡುವೆ ಇದ್ದ ವ್ಯತ್ಯಾಸದ ಮಾತು ಅದು. ಒಂದು ಉದಾಹರಣೆ ಕೊಡುತ್ತೇವೆ. ಕೈಗೆ ಐದು ಬೆರಳು ಬರುವುದು ಪೂರ್ತಿ ವಂಶವಾಹಿಗಳ ಕೆಲಸ. ಆದರೆ ಒಂದು ಊರಿನಲ್ಲಿ ಯಾರಿಗೆ ನಾಲ್ಕೇ ಬೆರಳಿದೆ ಎಂದು ಹುಡುಕಿ ಹೊರಟರೆ ಸಿಗುವವರು ಹೆಚ್ಚಾಗಿ ಯಂತ್ರಕ್ಕೆ ಬೆರಳು ಕೊಟ್ಟವರು. ಬೆರಳು ವಂಶದ್ದು, ಬೆರಳಿನ ವ್ಯತ್ಯಾಸ ಕಾರ್ಖಾನೆಯದು.

ಇನ್ನೊಂದು ಉದಾಹರಣೆ ರಿಚರ್ಡ್ ಲೆವಾಂಟಿನ್ ಎಂಬ ವಿಜ್ಞಾನಿ 1970ರಲ್ಲಿ ಕೊಟ್ಟದ್ದು. ನಮ್ಮ ಗ್ಯಾಲರಿಗೆ ಹೊಂದಿಸಿ ಹೇಳುತ್ತೇವೆ. ಒಂದೇ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ತೆಗೆದು ಎರಡು ಕುಂಡದಲ್ಲಿ ಹಾಕಿ. ಒಂದಕ್ಕೆ ಗೊಬ್ಬರದ ಮಣ್ಣು, ಬಿಸಿಲು. ಇನ್ನೊಂದಕ್ಕೆ ಕಟ್ಟಡದ ಮರಳು, ಒಣಗುವ ಬಟ್ಟೆಗಳ ನೆರಳು. ಒಂದೊಂದು ಕುಂಡದ ಒಳಗೆ ಗಿಡದಿಂದ ಗಿಡಕ್ಕೆ ಎತ್ತರದಲ್ಲಿ ಕಾಣುವ ಭೇದ ಬೀಜದ್ದೇ, ಏಕೆಂದರೆ ಅಲ್ಲಿ ಮಣ್ಣು ಒಂದೇ. ಕುಂಡದಿಂದ ಕುಂಡಕ್ಕೆ ಕಾಣುವ ಭೇದದಲ್ಲಿ ಬೀಜದ ಪಾತ್ರವಿಲ್ಲ. ಮಾಟುಂಗದ ಫೈವ್ ಗಾರ್ಡನ್ಸ್‌ನ ಮಕ್ಕಳನ್ನೂ ಕೂಗಳತೆಯಲ್ಲಿರುವ ಧಾರಾವಿಯ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿ ‘ರಕ್ತ’ ಎನ್ನುವವರು ಈ ಎರಡು ಕುಂಡಗಳನ್ನು ನೋಡಿಲ್ಲ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅನುಕೂಲವಂತರ ಮನೆಯ ಅವಳಿ ಮಕ್ಕಳಲ್ಲಿ ಬುದ್ಧಿಯ ವ್ಯತ್ಯಾಸಕ್ಕೆ ಬಹುಪಾಲು ಆನುವಂಶಿಕತೆ ಕಾರಣವಾಗಿ ಕಂಡರೆ, ಬಡವರ ಮನೆಗಳಲ್ಲಿ ಅದರ ಪಾಲು ಸೊನ್ನೆಯ ಹತ್ತಿರಕ್ಕೆ ಇಳಿದಿತ್ತು. ಎಲ್ಲ ದೇಶಗಳಲ್ಲಿಯೂ ಇದೇ ಫಲ ಬಂದಿಲ್ಲವೆನ್ನುವುದನ್ನೂ ಸೇರಿಸಬೇಕು. ಆದರೂ ಬೀಜ ತನ್ನ ಶಕ್ತಿಯನ್ನು ತೋರಲು ಮೊದಲು ನೀರು ಬೇಕೆಂಬುದು ಯಾವ ಒಕ್ಕಲಿಗನಿಗೂ ಹೊಸ ಮಾತಲ್ಲ.

ಕಾನೂನು ಬರೆದವರು ಈ ವಿಷಯದಲ್ಲಿ ನಮ್ಮ ನೆಂಟರಿಗಿಂತ ಜಾಣರು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 12ನೆಯ ಕಲಮಿನಲ್ಲಿ, ದತ್ತು ಬಂದ ದಿನದಿಂದ ಮಗು ಎಲ್ಲ ಉದ್ದೇಶಗಳಿಗೂ ದತ್ತು ಪಡೆದವರ ಮಗುವೇ ಎಂದಿದೆ. ಕೂಡಲೇ ಒಂದು ಹೊರತು: ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗಬಾರದಿತ್ತೋ ಅವರನ್ನು ಈಗಲೂ ಆಗಕೂಡದು. ರಕ್ತಕ್ಕೆ ಎಷ್ಟು ಜಾಗ ಕೊಡಬೇಕೋ ಅಷ್ಟು ಕೊಟ್ಟು, ಮಿಕ್ಕದ್ದನ್ನೆಲ್ಲ ಮನೆಗೆ ಬಿಟ್ಟುಕೊಟ್ಟಿದ್ದಾರೆ. ನಮ್ಮ ಸೇವಾಪುಸ್ತಕದಲ್ಲಿ ಕುಟುಂಬದ ವಿವರ ತುಂಬುವಾಗ ಮಗಳ ಹೆಸರನ್ನು ಬರೆದು ಮೇಲಧಿಕಾರಿಯ ಸಹಿಯಾದ ದಿನ ಮನೆಗೆ ಮೈಸೂರುಪಾಕು ತಂದಿದ್ದೆವು. ಏಕೆಂದು ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ.

ಭೈರಪ್ಪನವರ ಕಾದಂಬರಿ ಹೊರಬಂದ ಆರು ವರ್ಷಕ್ಕೆ, 1971ರಲ್ಲಿ, ಕಾರ್ನಾಡರ ‘ಹಯವದನ’ ಬಂತು. ‘ವಂಶವೃಕ್ಷ’ದ ಚಿತ್ರ ತೆಗೆಯುತ್ತಿದ್ದ ಹೊತ್ತಿನಲ್ಲೇ ಈ ನಾಟಕವೂ ಅವರ ಕೈಯಿಂದ ಹೊರಬಂದದ್ದು ಆಕಸ್ಮಿಕವಿರಬಹುದು, ಆದರೆ ನಮಗೆ ಈ ಎರಡೂ ಒಂದೇ ಪ್ರಶ್ನೆಗೆ ಬರೆದ ಎರಡು ಉತ್ತರಗಳಂತೆ ಕಾಣುತ್ತವೆ. ಕಥಾಸರಿತ್ಸಾಗರದ ಹಳೆಯ ಕಥೆ, ಅದನ್ನು ಬೆಳೆಸಿದ ಜರ್ಮನ್ ಲೇಖಕ ಥಾಮಸ್ ಮನ್, ಇವೆರಡನ್ನೂ ಜೀರ್ಣಿಸಿಕೊಂಡ ನಾಟಕ ಅದು. ಪಂಡಿತ ದೇವದತ್ತ, ಕಸುವಿನ ಮೈಯ ಕಪಿಲ, ಇಬ್ಬರ ನಡುವೆ ಪದ್ಮಿನಿ. ಕಾಳಿಯ ಗುಡಿಯಲ್ಲಿ ಗಡಿಬಿಡಿಯಿಂದ ತಲೆಗಳು ಅದಲುಬದಲಾಗುತ್ತವೆ. ತಲೆಯೇ ಪ್ರಧಾನ, ತಲೆ ಯಾರದೋ ಅವನೇ ಗಂಡ ಎಂದು ಋಷಿಯ ತೀರ್ಪು.

ಇಲ್ಲಿಯವರೆಗೆ ಇದು ಬೇತಾಳನ ಒಗಟು. ಕಾರ್ನಾಡರ ಕೆಲಸ ಆಮೇಲೆ ಆರಂಭವಾಗುತ್ತದೆ. ಕಪಿಲನ ಗಟ್ಟಿ ಮೈಯನ್ನು ಪಡೆದ ದೇವದತ್ತ ಮತ್ತೆ ಗ್ರಂಥದ ಮುಂದೆ ಕುಳಿತುಕೊಳ್ಳುತ್ತಾನೆ; ತಿಂಗಳುಗಳು ಕಳೆದಂತೆ ಆ ಮೈ ಮೆತ್ತಗಾಗುತ್ತದೆ. ದೇವದತ್ತನ ಮೆದು ಮೈಯನ್ನು ಹೊತ್ತು ಕಾಡಿಗೆ ಹೋದ ಕಪಿಲ ಅದನ್ನು ದುಡಿಸಿ ದುಡಿಸಿ ಗಟ್ಟಿಮಾಡುತ್ತಾನೆ. ಬದುಕು ಮೈಯನ್ನು ತಿದ್ದಿತು. ಆದರೆ ಪರಿಸರದ ಗೆಲುವು ಎಂದು ನಾವು ಕೈ ತಟ್ಟುವಷ್ಟರಲ್ಲಿ ನಾಟಕ ಇನ್ನೊಂದು ಮಾತು ಹೇಳುತ್ತದೆ: ಆ ಮೈಗೆ ತನ್ನದೇ ನೆನಪುಗಳಿವೆ, ತಲೆಗೆ ಗುರುತಿಲ್ಲದ ಸ್ಪರ್ಶಗಳು ಅಂಗೈಯಲ್ಲಿ ಉಳಿದು ಕಪಿಲನನ್ನು ಕಾಡುತ್ತವೆ. ಪದ್ಮಿನಿ ಮಗುವನ್ನು ಎತ್ತಿಕೊಂಡು ಕಾಡಿಗೆ ಬಂದಾಗ, ಮಗುವಿನ ಭುಜದ ಮಚ್ಚೆ ಕಪಿಲನ ಭುಜದ ಮೇಲೆ ಕಾಣುತ್ತದೆ, ಏಕೆಂದರೆ ಆ ಭುಜ ಮೊದಲು ದೇವದತ್ತನದು. ಆ ಮಗುವಿನ ತಂದೆ ಯಾರು? ಇದಕ್ಕೆ ನಮ್ಮ ಯಾವ ಅರ್ಜಿ ನಮೂನೆಯಲ್ಲಿಯೂ ಕಾಲಮ್ಮಿಲ್ಲ. ಪದ್ಮಿನಿ ಸಾಯುವ ಮುನ್ನ ಮಾಡುವ ಏರ್ಪಾಡು ಇನ್ನೂ ವಿಚಿತ್ರ: ಐದು ವರ್ಷದವರೆಗೆ ಮಗು ಕಾಡಿನಲ್ಲಿ ಕಪಿಲನ ಮಗನಾಗಿ ಬೆಳೆಯಲಿ, ಅನಂತರ ಊರಿಗೆ ಹೋಗಿ ದೇವದತ್ತನ ಮಗನಾಗಿ ಬೆಳೆಯಲಿ. ಪ್ರಶ್ನೆಯನ್ನು ಬಿಡಿಸದೆ, ಮಗುವಿಗೆ ಎರಡನ್ನೂ ಕೊಟ್ಟುಬಿಟ್ಟಳು.

ನಾಟಕದ ಬಗ್ಗೆ ನಮಗೊಂದು ಅನುಮಾನ ಉಳಿದಿದೆ. ತಲೆ, ಮೈ ಎಂದು ಎರಡಾಗಿ ಕತ್ತರಿಸಿದ್ದು ರಂಗಕ್ಕೆ ಅನುಕೂಲ. ಬದುಕಿನಲ್ಲಿ ಆ ಗೆರೆ ಸಿಗದು. ಫೀನೈಲ್‌ಕೀಟೋನೂರಿಯಾ ಎಂಬ ಕಾಯಿಲೆಯಿದೆ. ಒಂದೇ ಒಂದು ವಂಶವಾಹಿಯ ದೋಷ; ಗಮನಿಸದಿದ್ದರೆ ಮಗುವಿನ ಬುದ್ಧಿ ಕುಂಠಿತವಾಗುತ್ತದೆ. ಹುಟ್ಟಿದ ಕೆಲವು ದಿನಗಳಲ್ಲೇ ಹಿಮ್ಮಡಿಯ ಒಂದು ಹನಿ ರಕ್ತದಿಂದ ಕಂಡುಹಿಡಿದು ಆಹಾರವನ್ನು ಬದಲಾಯಿಸಿದರೆ ಮಗು ಸಹಜವಾಗಿ ಬೆಳೆಯುತ್ತದೆ. ಇದು ರಕ್ತದ ಕಾಯಿಲೆಯೋ, ಊಟದ ಕಾಯಿಲೆಯೋ? ಎರಡನ್ನೂ ಗುಣಿಸಿದಾಗ ಬರುವ ಲಬ್ಧದಲ್ಲಿ ಇದು ಇಂತಿಷ್ಟು, ಅದು ಇಂತಿಷ್ಟು ಎಂದು ಕೂಡುಲೆಕ್ಕದಂತೆ ಬಿಡಿಸುವುದು ಹೇಗೆ? ಆದರೂ ವೇದಿಕೆಯ ಮೇಲೆ ಕುದುರೆಮೋರೆಯವನನ್ನು ಕಂಡು ಆ ಮೂಕ ಮಗು ನಗುತ್ತದಲ್ಲ, ಅಲ್ಲಿ ನಮ್ಮ ಅನುಮಾನ ಕರಗುತ್ತದೆ. ಅಪೂರ್ಣನೊಬ್ಬನನ್ನು ನೋಡಿ ಮಗು ನಕ್ಕಿತು. ಅವನ ವಂಶವನ್ನು ಕೇಳಲಿಲ್ಲ.

ಮುಂಬಯಿಯ ಓದುಗರು ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯನ್ನು ಮರೆಯಲಾರರು. ಜೀವರಸಾಯನ ಶಾಸ್ತ್ರ ಓದಿ ಈ ಊರಿನ ಔಷಧ ಕಂಪೆನಿಯಲ್ಲಿ ದುಡಿದ ಲೇಖಕರು ಅವರು, ಆದರೆ ಕಥೆಯಲ್ಲಿ ಜೀವರಸಾಯನವಿಲ್ಲ. ಹಿಂದುಮುಂದಿಲ್ಲದ ಒಂದು ಹುಡುಗ, ಒಂದು ಹುಡುಗಿ. ಮದುವೆಯ ಆಮಂತ್ರಣದಲ್ಲಿ ಹುಡುಗನಿಗೆ ಯಾವ ಅಡ್ಡಹೆಸರು ಹಾಕಿಸುವುದೆಂಬ ಪೇಚಾಟ. ನಂಜನಗೂಡಿನ ಶ್ರೋತ್ರಿಯರಿಗೆ ತಮ್ಮದಲ್ಲದ ಹೆಸರೊಂದು ಭಾರವಾಯಿತು. ಮುಂಬಯಿಯ ಪೋಪಟನಿಗೆ ಹೆಸರೇ ಇಲ್ಲದ್ದು ಭಾರ. ಶ್ರೋತ್ರಿಯರು ಆಸ್ತಿ ಬಿಟ್ಟು ಹೊರಟರು. ಇವನು ಒಂದು ಅಚ್ಚಾದ ಕಾಗದಕ್ಕಾಗಿ ಹುಡುಕುತ್ತಾನೆ. ಈ ಊರು ಅಂಥವರಿಂದಲೇ ತುಂಬಿದೆ.

ಕರ್ಣನ ಕಥೆಯನ್ನು ಹೇಳಿ ನಮ್ಮನ್ನು ಬಾಯಿ ಮುಚ್ಚಿಸುವವರಿದ್ದಾರೆ. ತೊಡೆಯನ್ನು ಕೀಟ ಕೊರೆದರೂ ಅಲ್ಲಾಡದಿದ್ದ ಶಿಷ್ಯನನ್ನು ನೋಡಿ ಪರಶುರಾಮ, ಇವನು ಬ್ರಾಹ್ಮಣನಲ್ಲ, ಕ್ಷತ್ರಿಯ ಎಂದು ಕಂಡುಹಿಡಿದನಲ್ಲ, ರಕ್ತ ಮಾತಾಡಲಿಲ್ಲವೇ ಎನ್ನುತ್ತಾರೆ. ಗುರುವಿನ ನಿದ್ರೆ ಕೆಡಬಾರದೆಂದು ನೋವು ನುಂಗುವುದನ್ನು ಆ ಹುಡುಗ ಕಲಿತದ್ದು ಎಲ್ಲಿ? ಕುಂತಿಯ ಹತ್ತಿರವಂತೂ ಅಲ್ಲ. ಆಕೆ ಅವನನ್ನು ಒಂದು ದಿನವೂ ಸಾಕಲಿಲ್ಲ. ಸಾಕಿದವಳು ರಾಧೆ. ಹೆತ್ತವಳು ಬಂದು ನಿಜ ಹೇಳಿದಮೇಲೂ ಅವನು ರಾಧೇಯನಾಗಿಯೇ ಉಳಿದ.

ಹಾಳೆಯ ವಿಷಯ ಉಳಿಯಿತು. ಮೂರನೆಯ ದಿನ ನಮ್ಮ ಮನೆಯವರು, ‘ಟೀಚರ್‌ಗೆ ಒಂದು ಚೀಟಿ ಬರೆದುಕೊಡಿ, ಬಿಟ್ಟುಬಿಡಲಿ’ ಎಂದರು. ಮಗಳು ಒಪ್ಪಲಿಲ್ಲ. ನಾಲ್ಕನೆಯ ದಿನ ಸಂಜೆ ಕಚೇರಿಯಿಂದ ಬಂದಾಗ ಚೌಕಗಳು ತುಂಬಿದ್ದವು. ನಮ್ಮ ಹೆಸರಿನ ಮುಂದೆ, ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ಯುವುದು. ತಾಯಿಯ ಹೆಸರಿನ ಮುಂದೆ, ಬಾಗಿಲು ಹಾಕಿದೆವೋ ಇಲ್ಲವೋ ಎಂದು ಎರಡು ಸಲ ನೋಡುವುದು. ಚನ್ನರಾಯಪಟ್ಟಣದಲ್ಲಿರುವ ನಮ್ಮ ತಾಯಿಯ ಹೆಸರಿನ ಮುಂದೆ, ಸಿಟ್ಟು. ಬೇಸಿಗೆ ರಜೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೂ ಮಾತು ಬಿಟ್ಟು ಕುಳಿತರೆ ಯಾರು ಮೊದಲು ಸೋಲುತ್ತಾರೆಂದು ಊರಿನವರು ಪಂದ್ಯ ಕಟ್ಟುವುದುಂಟು. ಮರದ ಬುಡದಲ್ಲಿ, ಶಾಲೆಯವರು ಕೊಡದಿದ್ದ ಒಂದು ಚೌಕವನ್ನು ಅವಳೇ ಸ್ಕೇಲಿನಿಂದ ಎಳೆದಿದ್ದಳು. ಅದರಲ್ಲಿ ಹೆಸರಿರಲಿಲ್ಲ. ‘ಗುಂಗುರು ಕೂದಲು, ಎಡಗೈ ಬರಹ’ ಎಂದು ಮಾತ್ರ ಬರೆದಿದ್ದಳು. ನಮ್ಮಿಬ್ಬರಿಗೂ ಅವೆರಡೂ ಇಲ್ಲ.

‘ಇದು ಸರಿಯಾಯ್ತಾ ಅಪ್ಪ?’ ಎಂದು ಕೇಳಿದಳು. ಎಡಗೈ ಬರಹದಲ್ಲಿ ವಂಶವಾಹಿಗಳ ಪಾಲು ಸ್ವಲ್ಪವೇ ಎಂದು ವಿಜ್ಞಾನಿಗಳು ಹೇಳುತ್ತಾರೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಸರಿಯಾಗಿದೆ ಎಂದೆವು.

ನಮ್ಮ ಸಂಘದ ಪುಸ್ತಕಭಂಡಾರದಲ್ಲಿ ‘ವಂಶವೃಕ್ಷ’ದ ಎರಡು ಪ್ರತಿಗಳೂ ‘ಹಯವದನ’ದ ಒಂದು ಪ್ರತಿಯೂ ಇವೆ. ‘ಗೃಹಭಂಗ’ದ ಪ್ರತಿಯನ್ನು ಯಾರೋ ಒಯ್ದು ಎರಡು ದೀಪಾವಳಿ ಕಳೆದಿದೆ. ಒಯ್ದವರು ಈ ಲೇಖನವನ್ನು ಓದಿದರೆ, ದಯವಿಟ್ಟು ಪುಸ್ತಕವನ್ನು ಹಿಂದಿರುಗಿಸಬೇಕಾಗಿ ವಿನಂತಿ. ನಮ್ಮ ಮಗಳಿಗೆ ನಂಜಮ್ಮನ ಕಥೆ ಓದಿ ಹೇಳುತ್ತೇವೆಂದು ಮಾತು ಕೊಟ್ಟಿದ್ದೇವೆ.